ಹಳೆಯ 3ಡಿಎಸ್‌ನಲ್ಲಿ ಕ್ಯೂಆರ್ ಕೋಡ್: ಯಾವುದನ್ನು ಸ್ಕ್ಯಾನ್ ಮಾಡಬೇಕು, ಯಾವುದನ್ನು ಬಿಡಬೇಕು

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ನಿಂಟೆಂಡೊ 3ಡಿಎಸ್ ಜಪಾನಿನ ಅಂಗಡಿಗಳಿಗೆ ಬಂದದ್ದು 2011ರ ಫೆಬ್ರವರಿ 26ರಂದು. 2020ರಲ್ಲಿ ಅದರ ತಯಾರಿಕೆ ನಿಂತಿತು. ಅಷ್ಟರೊಳಗೆ ಏಳೂವರೆ ಕೋಟಿಗೂ ಜಾಸ್ತಿ ಯಂತ್ರಗಳು ಮಾರಾಟವಾಗಿದ್ದವು. ಹಾಗಾಗಿ ಕಂಪನಿ ಕೈಬಿಟ್ಟರೂ ಅವು ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ಕಲಬುರಗಿ, ಬೀದರ್ ಕಡೆ ನಾನು ನೋಡಿದವು ಹೆಚ್ಚಾಗಿ ಗಲ್ಫ್‌ನಲ್ಲಿ ದುಡಿಯುವ ಅಣ್ಣನೋ ಕಾಕಾನೋ ತಂದುಕೊಟ್ಟವು. ಉಳಿದವು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಬಂದವು.

ಯಂತ್ರ ಕೈಗೆ ಬಂದ ಮೇಲೆ ಹುಡುಗರು ಕೇಳುವುದು ಒಂದೇ ಮಾತು. "ಕ್ಯೂಆರ್ ಸ್ಕ್ಯಾನ್ ಮಾಡಿದ್ರ ಗೇಮ್ ಬರ್ತದಂತ, ಖರೇನಾ?" ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿರುತ್ತಾರೆ. ಇನ್ಯಾರೋ ಇನ್ನೂರು ರೂಪಾಯಿಗೆ "ಕೋಡ್" ಮಾರುತ್ತಿರುತ್ತಾರೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಉತ್ತರ ಕೊಡಲು ಆಗುವುದಿಲ್ಲ. 3ಡಿಎಸ್ ಓದುವ ಕೋಡ್‌ಗಳಲ್ಲಿ ಹಲವು ಬಗೆ ಇವೆ. ಕೆಲವು ನಿಜಕ್ಕೂ ಚೆಂದ, ಪೂರ್ತಿ ಉಚಿತ. ಕೆಲವು ಬರೀ ಮೋಸ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ನೋಡುವಾಗ ಎರಡು ವಿಷಯ ಕೇಳಿಕೊಳ್ಳಿ. ಈ ಕೋಡ್ ಎಲ್ಲಿ ತೆರೆದುಕೊಳ್ಳುತ್ತದೆ? ಇದು ಯಾರ ಕೈಯಿಂದ ಬಂತು? ಕೋಡ್ ಏನು ಕೊಡುತ್ತದೆ ಎಂಬ ಮಾತು ಆಮೇಲೆ.

ಒಂದು ಕೋಡ್‌ನಲ್ಲಿ ಎಷ್ಟು ಹಿಡಿಯುತ್ತದೆ

ಇದೊಂದು ಲೆಕ್ಕ ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ. ಕ್ಯೂಆರ್ ಕೋಡ್ ಮಾಡಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್ ಎಂಬ ಕಂಪನಿ. ಮೊದಮೊದಲು ಅದನ್ನು ಬಳಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಅದರ ಅತಿ ಚಿಕ್ಕ ಅಳತೆ 21 ಚೌಕ ಅಗಲ, 21 ಚೌಕ ಉದ್ದ. ಅತಿ ದೊಡ್ಡದು 177 ಚೌಕ ಅಗಲ, 177 ಉದ್ದ. ಆ ಅತಿ ದೊಡ್ಡ ಕೋಡ್‌ನಲ್ಲೂ ಹಿಡಿಯುವುದು 2,953 ಬೈಟ್ ಮಾತ್ರ. ಅಂದರೆ ಮೂರು ಕೆಬಿಯೂ ಇಲ್ಲ.

3ಡಿಎಸ್‌ನ ದೊಡ್ಡ ಗೇಮ್‌ಗಳು ಒಂದು ಜಿಬಿ, ಎರಡು ಜಿಬಿ ಇರುತ್ತವೆ. ಮೂರು ಕೆಬಿಯಲ್ಲಿ ಅದು ಹೇಗೆ ಕೂರುತ್ತದೆ? ಕೂರುವುದಿಲ್ಲ. ಆದ್ದರಿಂದ "ಈ ಕೋಡ್‌ನಲ್ಲಿ ಗೇಮ್ ಇದೆ" ಎಂದು ಯಾರಾದರೂ ಹೇಳಿದರೆ ಅದರ ಅರ್ಥ ಇಷ್ಟೇ: ಕೋಡ್‌ನಲ್ಲಿ ಒಂದು ವಿಳಾಸ ಇದೆ. ಆ ವಿಳಾಸ ಯಾರದ್ದು, ಅಲ್ಲಿ ಏನಿದೆ, ಅದನ್ನು ತೆರೆಯಲು ನಿಮ್ಮ ಯಂತ್ರಕ್ಕೆ ಆಗುತ್ತದೆಯೇ ಎಂಬುದೇ ಮುಂದಿನ ಪ್ರಶ್ನೆ.

ಮೂರು ಕೆಬಿಯೊಳಗೆ ನಿಜವಾಗಿ ಹಿಡಿಯುವ ವಸ್ತುಗಳೂ ಇವೆ. ಒಂದು ಕಾರ್ಟೂನ್ ಮುಖ. ಒಂದು ಬಟ್ಟೆಯ ವಿನ್ಯಾಸ. ಒಂದು ಪೋಕೆಮಾನ್‌ನ ಗುರುತು. 3ಡಿಎಸ್‌ಗಾಗಿ ಮಾಡಿದ ಅಸಲಿ ಕೋಡ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು.

ಗೇಮ್‌ನ ಒಳಗೇ ಓದಿಸುವ ಕೋಡ್‌ಗಳು

ನನಗೆ ಕೇಳಿದರೆ ಇವೇ ಮೊದಲ ಆಯ್ಕೆ. ಇವಕ್ಕೆ ಇಂಟರ್ನೆಟ್ ಬೇಡ, ದುಡ್ಡು ಬೇಡ, ಖಾತೆ ಬೇಡ. 3ಡಿಎಸ್‌ನ ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಈ ಕೋಡ್‌ಗಳು ಮಾತ್ರ ಯಾವ ಸರ್ವರನ್ನೂ ನೆಚ್ಚಿಕೊಂಡಿಲ್ಲ. ಹಾಗಾಗಿ ಈಗಲೂ ಬದುಕಿವೆ.

ಎಲ್ಲಕ್ಕಿಂತ ಸುಲಭದ್ದು ಮೀ, ಅಂದರೆ ಆಟಗಾರರು ತಾವೇ ಮಾಡಿಕೊಳ್ಳುವ ಕಾರ್ಟೂನ್ ಮುಖ. ಪ್ರತಿ 3ಡಿಎಸ್ ಮತ್ತು ಅದರದೇ 3ಡಿ ಇಲ್ಲದ ರೂಪವಾದ 2ಡಿಎಸ್‌ನಲ್ಲಿ ಮೀ ಮೇಕರ್ ಎಂಬ ಆ್ಯಪ್ ಮೊದಲೇ ಇರುತ್ತದೆ. ಅದರಲ್ಲಿ ನಿಮ್ಮದೋ ನಿಮ್ಮ ತಂಗಿಯದೋ ಮುಖ ಮಾಡಿ, ಅದನ್ನು ಕ್ಯೂಆರ್ ಕೋಡ್ ಆಗಿ ಉಳಿಸಬಹುದು. ಗೆಳೆಯ ಅದನ್ನು ತನ್ನ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರೆ ಮುಖ ಅಲ್ಲಿಗೂ ಹೋಗುತ್ತದೆ. ಯಾವ ಕಾರ್ಟ್ರಿಜ್ಜೂ (ಗೇಮ್ ಇರುವ ಚಿಕ್ಕ ಕಾರ್ಡ್) ಬೇಕಾಗಿಲ್ಲ. ಟೊಮೊಡಾಚಿ ಲೈಫ್ ಇದ್ದವರಿಗೆ ಇದರ ಮಜಾನೇ ಬೇರೆ, ಯಾಕೆಂದರೆ ಆ ಆಟವೇ ಮೀಗಳ ಊರು. ಅದರೊಳಗೂ ಕ್ಯೂಆರ್ ಮೂಲಕ ಮೀ ಕೊಟ್ಟು ತೆಗೆದುಕೊಳ್ಳಬಹುದು.

ಅನಿಮಲ್ ಕ್ರಾಸಿಂಗ್: ನ್ಯೂ ಲೀಫ್‌ನ ಕೋಡ್‌ಗಳು ನನಗೆ ತುಂಬಾ ಇಷ್ಟ. ಈ ಆಟದಲ್ಲಿ ಬಟ್ಟೆ, ನೆಲ, ಗೋಡೆಗೆ ನೀವೇ ವಿನ್ಯಾಸ ಬರೆಯಬಹುದು. ಒಂದು ವಿನ್ಯಾಸ ಅಂದರೆ 32 ಚುಕ್ಕೆ ಅಗಲ, 32 ಚುಕ್ಕೆ ಉದ್ದ, 15 ಬಣ್ಣ. ಲೆಕ್ಕ ಹಾಕಿ: 1,024 ಚುಕ್ಕೆ, ಚುಕ್ಕೆಗೆ ಅರ್ಧ ಬೈಟ್, ಒಟ್ಟು 512 ಬೈಟ್. ಒಂದು ಕೋಡ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ತೋಳು, ಬೆನ್ನು, ಎದೆ ಬೇರೆಬೇರೆ ಇರುವ ಪ್ರೊ ವಿನ್ಯಾಸ ಆದರೆ ಅದರ ನಾಲ್ಕು ಪಟ್ಟು ಬೇಕು. ಅದಕ್ಕೇ ಅಂಥ ಅಂಗಿಗೆ ನಾಲ್ಕು ಕೋಡ್ ಇರುತ್ತವೆ. ನಾಲ್ಕನ್ನೂ ಸ್ಕ್ಯಾನ್ ಮಾಡಬೇಕು. "ಒಂದೇ ಕೋಡ್‌ನಲ್ಲಿ ಪೂರ್ತಿ ಲಂಗ" ಎಂದು ಯಾರಾದರೂ ಕೊಟ್ಟರೆ ಉಳಿದ ಮೂರು ಎಲ್ಲಿ ಎಂದು ಕೇಳಿ.

ಸ್ಕ್ಯಾನ್ ಮಾಡುವ ಹೊಲಿಗೆ ಯಂತ್ರ ಏಬಲ್ ಸಿಸ್ಟರ್ಸ್ ಅಂಗಡಿಯಲ್ಲಿದೆ. ಅದು ಮೊದಲ ದಿನವೇ ಸಿಗುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಹೊಲಿಯುವ ಸೇಬಲ್ ಜೊತೆ ಸುಮಾರು ಹತ್ತು ದಿನ, ದಿನಾ ಮಾತಾಡಬೇಕು. ಆಮೇಲೆ ಅವಳೇ ಬಳಸಲು ಬಿಡುತ್ತಾಳೆ. ಇದನ್ನು "ಅನ್‌ಲಾಕ್ ಮಾಡಿಕೊಡ್ತೀವಿ" ಎಂದು ದುಡ್ಡು ಕೇಳುವವರಿಗೆ ಒಂದು ಪೈಸೆಯೂ ಕೊಡಬೇಡಿ. ಸುಮ್ನೆ ದಿನಾ ಹೋಗಿ ಮಾತಾಡಿದರೆ ಸಾಕು.

ಬೀದರ್‌ನವರಿಗೆ ಇಲ್ಲೊಂದು ಮಾತು. ಬಿದ್ರಿ ಕೆಲಸದ ಹೂಬಳ್ಳಿ ಈ 32 ಚುಕ್ಕೆಯ ಚೌಕದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಕಪ್ಪು ನೆಲ, ಅದರ ಮೇಲೆ ಬೆಳ್ಳಿ ಗೆರೆ. ಬಣ್ಣ ಎರಡು ಮೂರು ಸಾಕು. ಹಾಗೆ ಮಾಡಿದ ಕೋಡನ್ನು ಯಾರಿಗೆ ಬೇಕಾದರೂ ಕೊಡಬಹುದು. ನ್ಯೂ ಲೀಫ್‌ನ ಇಂಥ ಕೋಡ್‌ಗಳನ್ನು ಸ್ವಿಚ್‌ನ ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್ ಕೂಡ ತೆಗೆದುಕೊಳ್ಳುತ್ತದೆ. ಅದಕ್ಕೆ ಫೋನಿನಲ್ಲಿ ನಿಂಟೆಂಡೊ ಸ್ವಿಚ್ ಆ್ಯಪ್‌ನ ನೂಕ್‌ಲಿಂಕ್ ಎಂಬ ಭಾಗ ಬೇಕು. ಹಳೆಯ ಯಂತ್ರದಲ್ಲಿ ಬರೆದದ್ದು ಹೊಸದಕ್ಕೂ ನಡೆಯುತ್ತದೆ, ಎಷ್ಟು ಒಳ್ಳೆಯದಲ್ವಾ.

ಪೋಕೆಮಾನ್ ಸನ್ ಮತ್ತು ಮೂನ್‌ನಲ್ಲಿ ಮಾತ್ರ ಜನ ಜಾಸ್ತಿ ಮೋಸ ಹೋಗುವುದು. 2016ರ ನವೆಂಬರ್‌ನಲ್ಲಿ ಬಂದ ಈ ಆಟಗಳಲ್ಲಿ ಕ್ಯೂಆರ್ ಸ್ಕ್ಯಾನರ್ ಇದೆ. ಸ್ಕ್ಯಾನ್ ಮಾಡಿದರೆ ಆ ಪೋಕೆಮಾನ್ ನಿಮ್ಮ ಪೋಕೆಡೆಕ್ಸ್ ಎಂಬ ಪಟ್ಟಿಯಲ್ಲಿ "ನೋಡಿದ್ದು" ಎಂದು ದಾಖಲಾಗುತ್ತದೆ. ನಿಮ್ಮ ಕೈಗೆ ಸಿಗುವುದಿಲ್ಲ. ಒಂದು ಸ್ಕ್ಯಾನ್‌ಗೆ 10 ಅಂಕ. 100 ಅಂಕ ಆದರೆ ಐಲ್ಯಾಂಡ್ ಸ್ಕ್ಯಾನ್ ತೆರೆಯುತ್ತದೆ. ಆಗ ಆ ದ್ವೀಪದಲ್ಲಿ ಸಾಮಾನ್ಯವಾಗಿ ಸಿಗದ ಒಂದು ಪೋಕೆಮಾನ್ ಕಾಣಿಸಿಕೊಳ್ಳುತ್ತದೆ, ಅದನ್ನು ನೀವೇ ಹಿಡಿಯಬೇಕು. ಒಮ್ಮೆಗೆ ಹತ್ತು ಸ್ಕ್ಯಾನ್ ಮಾಡಬಹುದು. ಖಾಲಿಯಾದ ಮೇಲೆ ಎರಡು ಗಂಟೆಗೆ ಒಂದರಂತೆ ಮತ್ತೆ ತುಂಬಿಕೊಳ್ಳುತ್ತದೆ.

ಒಂದೇ ಒಂದು ಹೆಸರುವಾಸಿ ಕೋಡ್ ಇದಕ್ಕೆ ಹೊರತು. ಮಗಿಯರ್ನಾ ಎಂಬ ಅಪರೂಪದ ಪೋಕೆಮಾನ್‌ಗೆ ಕಂಪನಿಯೇ ಕ್ಯೂಆರ್ ಬಿಟ್ಟಿತ್ತು. ಆಟದ ಮುಖ್ಯ ಕಥೆ ಮುಗಿಸಿದವರು ಅದನ್ನು ಸ್ಕ್ಯಾನ್ ಮಾಡಿ, ಹಾಊಲಿ ಊರಿನ ಹಳೇ ಸಾಮಾನಿನ ಅಂಗಡಿಯಿಂದ ಪಡೆಯಬಹುದಿತ್ತು. ಅದೂ ಪುಕ್ಕಟೆ. ಹಾಗಿದ್ದ ಮೇಲೆ "ಲೆಜೆಂಡರಿ ಪೋಕೆಮಾನ್ ಕೋಡ್, ಐವತ್ತು ರೂಪಾಯಿ" ಎಂದು ಮಾರುವವನು ಏನು ಕೊಡುತ್ತಾನೆ? ಪೋಕೆಡೆಕ್ಸ್‌ನಲ್ಲಿ ಒಂದು ಚಿತ್ರ. ಮಕ್ಕಳ ಜೇಬಿನ ದುಡ್ಡು ಹೀಗೆ ಹೋಗುವುದು ನೋಡಿದರೆ ಸಿಟ್ಟು ಬರುತ್ತದೆ.

ಯಂತ್ರಕ್ಕೆ ತಾಗಿಸಿದರೆ ಗೇಮ್‌ನಲ್ಲಿ ಏನಾದರೂ ಕೊಡುವ, ಒಳಗೆ ಚಿಪ್ ಇರುವ ಅಮೀಬೊ ಗೊಂಬೆಗಳ ಜೊತೆ ಕ್ಯೂಆರ್ ಕೋಡನ್ನು ಹೋಲಿಸುವವರೂ ಇದ್ದಾರೆ. ಅಮೀಬೊ ಓದಲು ನ್ಯೂ 3ಡಿಎಸ್ ಅಥವಾ ನ್ಯೂ 2ಡಿಎಸ್ ಎಕ್ಸ್‌ಎಲ್ ಎಂಬ ಆಮೇಲಿನ ಮಾದರಿ ಬೇಕು. ಹಳೆಯ ಮಾದರಿಗಳಿಗೆ ಬೇರೆ ರೀಡರ್ ಕೊಳ್ಳಬೇಕು. ಗೊಂಬೆಗೂ ದುಡ್ಡು. ಕ್ಯೂಆರ್‌ಗೆ ಬೇಕಾದದ್ದು ಕ್ಯಾಮೆರಾ ಮಾತ್ರ, ಅದು ಈ ಸಾಲಿನ ಎಲ್ಲ ಯಂತ್ರಗಳಲ್ಲೂ ಇದೆ.

ಹೋಮ್ ಮೆನುವಿನ ಕ್ಯಾಮೆರಾ

ಹೋಮ್ ಮೆನುವಿನಲ್ಲಿ ಎಲ್ ಅಥವಾ ಆರ್ ಗುಂಡಿ ಒತ್ತಿದರೆ ಕ್ಯಾಮೆರಾ ಬರುತ್ತದೆ. ಅಲ್ಲೇ ಕ್ಯೂಆರ್ ಓದುವ ಗುಂಡಿಯೂ ಇದೆ. ಇಲ್ಲಿ ಸ್ಕ್ಯಾನ್ ಮಾಡಿದರೆ ಕೋಡ್‌ನಲ್ಲಿರುವ ವೆಬ್ ವಿಳಾಸ ಯಂತ್ರದ ಬ್ರೌಸರ್‌ಗೆ ಹೋಗುತ್ತದೆ. ಆ ಬ್ರೌಸರ್ ಬಹಳ ಹಳೆಯದು. ಇವತ್ತಿನ ಎಷ್ಟೋ ಪುಟಗಳು ಅದರಲ್ಲಿ ಸರಿಯಾಗಿ ತೆರೆಯುವುದೇ ಇಲ್ಲ.

ಗೇಮ್‌ನ ಒಳಗಿನ ಸ್ಕ್ಯಾನರ್‌ಗೆ ಬೇಕಾದದ್ದು ಮುಖ, ವಿನ್ಯಾಸ, ಪೋಕೆಮಾನ್. ಬೇರೆ ಏನೇ ಕೊಟ್ಟರೂ ಅದು ಎಲ್ಲೋ ಕರೆದೊಯ್ಯುವುದಿಲ್ಲ. ಹೋಮ್ ಮೆನುವಿನದ್ದು ಹಾಗಲ್ಲ, ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಹಾಗಾಗಿ ಗೊತ್ತಿಲ್ಲದ ಕೋಡ್ ಅಲ್ಲಿ ಬೇಡ.

ಗೇಮ್‌ನ ಒಳಗಿನ ಸ್ಕ್ಯಾನರ್ ನೂರಕ್ಕೆ ನೂರು ಸುರಕ್ಷಿತ ಎಂದೂ ನಾನು ಹೇಳುವುದಿಲ್ಲ. ಕ್ಯೂಬಿಕ್ ನಿಂಜಾ ಎಂಬ ಆಟದಲ್ಲಿ ಆಟಗಾರರು ಮಾಡಿದ ಹಂತಗಳನ್ನು ಕ್ಯೂಆರ್ ಮೂಲಕ ಹಂಚಿಕೊಳ್ಳಬಹುದಿತ್ತು. ಆ ಓದುವ ಭಾಗದಲ್ಲಿ ಒಂದು ತಪ್ಪಿತ್ತು. 2014ರ ನವೆಂಬರ್‌ನಲ್ಲಿ ನಿಂಜಾಕ್ಸ್ ಎಂಬ ಪ್ರೋಗ್ರಾಂ ಅದೇ ತಪ್ಪನ್ನು ಹಿಡಿದು, ಒಂದು ಕೋಡ್ ಸ್ಕ್ಯಾನ್ ಮಾಡಿಸಿ ಯಂತ್ರದ ಒಳಗೆ ಕಂಪನಿಯ ಒಪ್ಪಿಗೆಯಿಲ್ಲದ ಪ್ರೋಗ್ರಾಂ ಓಡಿಸಿತು. ಯಾರೂ ಕೇಳದೆ ಬಿದ್ದಿದ್ದ ಆ ಆಟದ ಬೆಲೆ ರಾತ್ರೋರಾತ್ರಿ ಏರಿತು. ಆಮೇಲಿನ ಸಿಸ್ಟಮ್ ಅಪ್‌ಡೇಟ್‌ಗಳು ಅಂಥ ಕಿಂಡಿಗಳನ್ನು ಮುಚ್ಚುತ್ತಾ ಬಂದವು. ಆದ್ದರಿಂದ ಯಂತ್ರ ಅಪ್‌ಡೇಟ್ ಆಗಿರಲಿ.

3ಡಿಎಸ್‌ನಲ್ಲೋ, ಫೋನಿನಲ್ಲೋ?

ಮನೆಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? 3ಡಿಎಸ್ ಕ್ಯಾಮೆರಾಗೆ ಕೋಡ್ ಹತ್ತುವುದಿಲ್ಲ. ಹುಡುಗ ಅವ್ವನ ಫೋನು ತೆಗೆದುಕೊಂಡು ಸ್ಕ್ಯಾನ್ ಮಾಡುತ್ತಾನೆ. ಇದೇ ಅಪಾಯ. 3ಡಿಎಸ್‌ನಲ್ಲಿ ಯುಪಿಐ ಇಲ್ಲ. ಬ್ಯಾಂಕಿನ ಎಸ್‌ಎಂಎಸ್ ಬರುವುದಿಲ್ಲ. ಅದರ ಇಶಾಪ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಈಗ ಖರೀದಿಯೂ ನಡೆಯುವುದಿಲ್ಲ. ಕಳ್ಳ ಬಂದರೂ ಅಲ್ಲಿ ಕದಿಯಲು ರೊಕ್ಕವೇ ಇಲ್ಲ. ಫೋನಿನಲ್ಲಿ ಎಲ್ಲವೂ ಇದೆ.

ಹಾಗಂತ ಫೋನು ಪೂರ್ತಿ ಕೆಲಸಕ್ಕೆ ಬಾರದ್ದಲ್ಲ. ಅದರಿಂದ ಒಂದು ಒಳ್ಳೆಯ ಪರೀಕ್ಷೆ ಮಾಡಬಹುದು. ಫೋನಿನ ಮಾಮೂಲಿ ಕ್ಯಾಮೆರಾ ತೆರೆದು ಕೋಡ್ ಕಡೆ ಹಿಡಿಯಿರಿ. ಯುಪಿಐ ಆ್ಯಪ್ ಬೇಡ. ಏನನ್ನೂ ಒತ್ತಬೇಡಿ, ಬರುವ ಅಕ್ಷರ ಮಾತ್ರ ಓದಿ. ಅಸಲಿ ಮೀ ಅಥವಾ ಅನಿಮಲ್ ಕ್ರಾಸಿಂಗ್ ಕೋಡ್ ಆಗಿದ್ದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ. ಅದರಲ್ಲಿರುವುದು ಯಂತ್ರಕ್ಕೆ ಮಾತ್ರ ತಿಳಿಯುವ ಮಾಹಿತಿ. "ಇದು ಮೀ ಕೋಡ್" ಎಂದು ಕೊಟ್ಟದ್ದು ಫೋನಿನಲ್ಲಿ ವೆಬ್ ವಿಳಾಸ ತೋರಿಸಿದರೆ ಕೊಟ್ಟವರ ಮಾತು ಸುಳ್ಳು. "ಯುಪಿಐ" ಎಂಬ ಅಕ್ಷರಗಳಿಂದ ಶುರುವಾದರೆ ಅದು ದುಡ್ಡು ಕಳಿಸುವ ಕೋಡ್. ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಇಳಿಸಿಕೊಳ್ಳಿ ಎಂದರೆ ಅಲ್ಲೇ ಬಿಡಿ. ಎಮ್ಯುಲೇಟರ್ (ಫೋನಿನಲ್ಲೇ 3ಡಿಎಸ್ ಗೇಮ್ ಓಡಿಸುವ ಆ್ಯಪ್) ಹೆಸರಿನಲ್ಲಿ ಬರುವ ಎಪಿಕೆ ಫೋನಿನ ಎಸ್‌ಎಂಎಸ್ ಓದುವ ಅನುಮತಿ ಕೇಳಿತು ಎಂದರೆ ಅದಕ್ಕೆ ಬೇಕಾದದ್ದು ನಿಮ್ಮ ಒಟಿಪಿ.

3ಡಿಎಸ್‌ಗೆ ಕೋಡ್ ಹತ್ತದಿದ್ದರೆ ಅದಕ್ಕೂ ಉಪಾಯವಿದೆ. ಅದರ ಹೊರ ಕ್ಯಾಮೆರಾ 640 ಅಗಲ, 480 ಎತ್ತರದ ಚಿತ್ರ ಕೊಡುವಂಥದ್ದು, ಬಹಳ ಮಂಕು. ಚಿಕ್ಕ ಫೋನ್ ಪರದೆಯಲ್ಲಿ ಒತ್ತೊತ್ತಾಗಿರುವ ಕೋಡ್ ಅದಕ್ಕೆ ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡದಾಗಿ ತೋರಿಸಿ. ಇಲ್ಲವೇ ಝೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಗೆ ಪ್ರಿಂಟ್ ತೆಗೆಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಸುತ್ತಲಿನ ಬಿಳಿ ಅಂಚು ಕತ್ತರಿಸಬೇಡಿ. ನಾಲ್ಕು ಚೌಕದಷ್ಟು ಬಿಳಿ ಜಾಗ ಇರಲೇಬೇಕು. ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟ್ ಹೊಳಪು ಹೊಡೆಯುತ್ತದೆ, ಹಾಗೇ ಇರಲಿ.

ಫ್ರೀ ಗೇಮ್, ಇಶಾಪ್ ಕಾರ್ಡ್, "ಎಲ್ಲ ಗೇಮ್ ಲೋಡೆಡ್"

ಇಲ್ಲಿ ಮೂರು ದಿನಾಂಕ ನೆನಪಿಡಿ. 3ಡಿಎಸ್ ಇಶಾಪ್‌ನಲ್ಲಿ ಕ್ರೆಡಿಟ್ ಕಾರ್ಡ್ ನಿಂತದ್ದು 2022ರ ಮೇ ತಿಂಗಳಲ್ಲಿ. ಇಶಾಪ್ ಕಾರ್ಡ್‌ನಿಂದ ದುಡ್ಡು ಹಾಕುವುದು ನಿಂತದ್ದು 2022ರ ಆಗಸ್ಟ್‌ನಲ್ಲಿ. ಖರೀದಿ ಪೂರ್ತಿ ನಿಂತದ್ದು 2023ರ ಮಾರ್ಚ್ 27ರಂದು. ಆಮೇಲೆ ಹೊಸದಾಗಿ ಏನನ್ನೂ ಕೊಳ್ಳಲು ಆಗುವುದಿಲ್ಲ. ಮೊದಲೇ ಕೊಂಡವರು ತಮ್ಮದನ್ನು ಮತ್ತೆ ಇಳಿಸಿಕೊಳ್ಳಬಹುದು, ಅಷ್ಟೇ.

ಹಾಗಾದರೆ ಇವತ್ತು "3ಡಿಎಸ್ ಇಶಾಪ್ ಕಾರ್ಡ್ ಅರ್ಧ ಬೆಲೆಗೆ" ಎಂದು ಬರುವ ಮೆಸೇಜ್ ಏನು? ಸುಳ್ಳು. ವಿಚಾರಿಸುವ ಅಗತ್ಯವೂ ಇಲ್ಲ. ಕಾರ್ಡ್ ಅಸಲಿಯೇ ಆಗಿದ್ದರೂ ಈ ಯಂತ್ರಕ್ಕೆ ಅದು ನಡೆಯುವುದಿಲ್ಲ. "ಸರ್ವೆ ತುಂಬಿ, ಫ್ರೀ ಕೋಡ್ ಪಡೆಯಿರಿ" ಎಂಬ ಪುಟಗಳೂ ಅಷ್ಟೇ. ನಿಮ್ಮ ಫೋನ್ ನಂಬರ್, ಇಮೇಲ್ ಎಲ್ಲ ಕೊಟ್ಟ ಮೇಲೂ ಕೋಡ್ ಬರುವುದಿಲ್ಲ.

ಗೇಮ್ ಇಳಿಸುವ ಕ್ಯೂಆರ್ ಕೋಡ್‌ಗಳು ಇವೆ ಎಂಬುದು ಅರ್ಧ ನಿಜ. ಸಿಸ್ಟಮ್ ಬದಲಿಸಿ ಮಾಡ್ ಮಾಡಿದ ಯಂತ್ರದಲ್ಲಿ, ಅದಕ್ಕೆಂದೇ ಹಾಕಿದ ಪ್ರೋಗ್ರಾಂ ಅಂಥ ಕೋಡ್‌ನ ವಿಳಾಸ ಓದಿ ಫೈಲ್ ಇಳಿಸುತ್ತದೆ. ಅಂಗಡಿಯಿಂದ ಬಂದ ಹಾಗೇ ಇರುವ ಯಂತ್ರದಲ್ಲಿ ಅದೇ ಕೋಡ್ ಏನೂ ಮಾಡುವುದಿಲ್ಲ. ಮಾರುವವರು ಈ ಮಾತನ್ನು ಹೇಳುವುದಿಲ್ಲ. ದುಡ್ಡು ಹಾಕಿ, ಕೋಡ್ ತೆಗೆದುಕೊಂಡು, ಅದು ನಡೆಯದೆ ನೀವು ಫೋನು ಮಾಡುವಷ್ಟರಲ್ಲಿ ನಿಮ್ಮ ನಂಬರ್ ಬ್ಲಾಕ್ ಆಗಿರುತ್ತದೆ. ನಡೆದರೂ, ಯಾರೋ ಗೊತ್ತಿಲ್ಲದವರ ಫೈಲನ್ನು ಯಂತ್ರದ ಒಳಗೆ ಹಾಕಿದಂತೆ. ಯಂತ್ರ ಸತ್ತರೆ ರಿಪೇರಿಗೆ ಕೊಡಲು ಜಾಗವೂ ನಮ್ಮಲ್ಲಿ ಇಲ್ಲ.

ಈಗ ಕೊಳ್ಳುವವರ ಮುಂದಿರುವ ಆಯ್ಕೆ. ಅಸಲಿ ಕಾರ್ಟ್ರಿಜ್ ಕೊಳ್ಳಬೇಕೋ, "ಎಲ್ಲ ಗೇಮ್ ಲೋಡೆಡ್" ಯಂತ್ರ ಕೊಳ್ಳಬೇಕೋ? ಎರಡನೆಯದು ಸೋವಿ ಅನ್ನಿಸುತ್ತದೆ. ಆದರೆ ಆ ಗೇಮ್‌ಗಳೆಲ್ಲ ಒಂದು ಎಸ್‌ಡಿ ಕಾರ್ಡ್ ಮೇಲೆ ನಿಂತಿವೆ. ಕಾರ್ಡ್ ಹೋದರೆ ಎಲ್ಲ ಹೋಯಿತು. ಕಳಪೆ ಕಾರ್ಡ್‌ಗೆ ದೊಡ್ಡ ಕಾರ್ಡಿನ ಸ್ಟಿಕ್ಕರ್ ಅಂಟಿಸಿ ಕೊಡುವುದೂ ಉಂಟು. ಅನುಮತಿಯಿಲ್ಲದ ನಕಲು 1957ರ ಕಾಪಿರೈಟ್ ಕಾಯ್ದೆಗೂ ವಿರುದ್ಧ. ನನ್ನ ಮತ ಅಸಲಿ ಕಾರ್ಟ್ರಿಜ್ ಕಡೆಗೆ. ಎರಡೇ ಗೇಮ್ ಇರಲಿ, ಅವು ನಿಮ್ಮವು. ಆಡಿ ಮುಗಿದ ಮೇಲೆ ಮಾರಬಹುದು.

ಕಾರ್ಟ್ರಿಜ್ ಕೊಳ್ಳುವಾಗ ಪ್ರದೇಶ ನೋಡಿ. 3ಡಿಎಸ್‌ಗೆ ರೀಜನ್ ಲಾಕ್ ಇದೆ. ಜಪಾನಿನ ಯಂತ್ರಕ್ಕೆ ಅಮೆರಿಕದ ಗೇಮ್ ನಡೆಯುವುದಿಲ್ಲ. ಜಪಾನಿನ ಯಂತ್ರದ ಮೆನುವೂ ಜಪಾನಿ ಭಾಷೆಯಲ್ಲೇ ಇರುತ್ತದೆ. ಗಲ್ಫ್‌ನಿಂದ ಬಂದದ್ದು ಯುರೋಪಿನದೋ ಅಮೆರಿಕದ್ದೋ ಎಂದು ಕೇಳಿ ತಿಳಿದುಕೊಂಡೇ ಗೇಮ್ ತೆಗೆದುಕೊಳ್ಳಿ.

ಯಂತ್ರ ನೋಡಲು ಹೋಗುವಾಗ ನಿಮ್ಮದೇ ಕೋಡ್ ಒಯ್ಯಿರಿ

ಸೆಕೆಂಡ್ ಹ್ಯಾಂಡ್ ಯಂತ್ರ ಪರೀಕ್ಷಿಸಲು ಕ್ಯೂಆರ್ ಕೋಡ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಂದು ಮೀ ಕೋಡನ್ನು ಹಾಳೆ ಮೇಲೆ ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಮಾರುವವರನ್ನು ಕಲಬುರಗಿಯ ಸೂಪರ್ ಮಾರ್ಕೆಟ್‌ನಂಥ ಜನ ಓಡಾಡುವ ಜಾಗದಲ್ಲೇ, ಹಗಲಲ್ಲೇ ಭೇಟಿಯಾಗಿ.

ಮೊದಲು ಹೋಮ್ ಮೆನುವಿನಲ್ಲಿ ಎಲ್ ಒತ್ತಿ, ಕ್ಯಾಮೆರಾ ಬರಬೇಕು. ಹೊರಗೆ ಬಂದು ಆರ್ ಒತ್ತಿ, ಆಗಲೂ ಬರಬೇಕು. ಈ ಎರಡು ಗುಂಡಿಗಳು ಹಳೆಯ ಯಂತ್ರಗಳಲ್ಲಿ ಬೇಗ ಕೈಕೊಡುತ್ತವೆ, ಇಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಮೀ ಮೇಕರ್ ತೆರೆದು ನಿಮ್ಮ ಹಾಳೆ ಸ್ಕ್ಯಾನ್ ಮಾಡಿ. ಮುಖ ಬಂತು ಅಂದರೆ ಹೊರ ಕ್ಯಾಮೆರಾ ಸರಿ, ಟಚ್ ಸರಿ, ಯಂತ್ರದ ಮೂಲ ಆ್ಯಪ್ ಸರಿ. ಇಂಟರ್ನೆಟ್ ಬೇಕಿಲ್ಲ, ಗೇಮ್ ಬೇಕಿಲ್ಲ. ಕ್ಯಾಮೆರಾ ಕೆಟ್ಟ ಯಂತ್ರ ನೋಡಲು ಹೊಸದರಂತೆ ಇರಬಹುದು. ಕೋಡ್ ಮಾತ್ರ ಸುಳ್ಳು ಹೇಳುವುದಿಲ್ಲ.

ಹಿಂದಿನ ಬ್ಯಾಟರಿ ಮುಚ್ಚಳ ಉಬ್ಬಿದೆಯಾ ಎಂದೂ ಸವರಿ ನೋಡಿ. ನಮ್ಮ ಬೇಸಿಗೆಗೆ ಬ್ಯಾಟರಿ ಉಬ್ಬುವುದು ಹೊಸದೇನಲ್ಲ.

ಬರಲು ಒಪ್ಪದೆ ವಿಡಿಯೋದಲ್ಲೇ ತೋರಿಸಿ "ಅಡ್ವಾನ್ಸ್ ಹಾಕ್ರಿ, ಕೊರಿಯರ್ ಮಾಡ್ತೀನಿ" ಎನ್ನುವವರ ಹತ್ತಿರ ಕೊಳ್ಳಬೇಡಿ. ಯಾದಗಿರಿಯಲ್ಲಿ ಕೂತು ದೂರದವರಿಂದ ಕೊಳ್ಳಲೇಬೇಕಾದರೆ, ವಸ್ತು ಕೈಗೆ ಬಂದ ಮೇಲೆ ದುಡ್ಡು ಬಿಡುಗಡೆ ಮಾಡುವ ವ್ಯವಸ್ಥೆ ಇರುವ ಕಡೆ ಮಾತ್ರ ಕೊಳ್ಳಿ. ಬೆಲೆ ಜಾಸ್ತಿ ಆದರೂ ಪರವಾಗಿಲ್ಲ.

ದುಡ್ಡಿನ ಕೋಡ್

ಯಂತ್ರ ಮಾರುವವರಿಗೆ ಬರುವ ಮೋಸ ಇದಕ್ಕಿಂತ ದೊಡ್ಡದು. ಜಾಹೀರಾತು ಹಾಕಿದ ಅರ್ಧ ಗಂಟೆಯಲ್ಲಿ ಫೋನು ಬರುತ್ತದೆ. ಚೌಕಾಸಿಯೇ ಇಲ್ಲ, ಕೇಳಿದ ಬೆಲೆಗೆ ಒಪ್ಪಿಗೆ. ಸೈನ್ಯದಲ್ಲಿದ್ದೇನೆ ಎನ್ನುತ್ತಾರೆ, ಬರಲು ಆಗುವುದಿಲ್ಲ, ಹುಡುಗನನ್ನು ಕಳಿಸುತ್ತೇನೆ ಎನ್ನುತ್ತಾರೆ. ಆಮೇಲೆ ಒಂದು ಕ್ಯೂಆರ್ ಕಳಿಸುತ್ತಾರೆ. "ಅಣ್ಣಾ, ಇದು ಸ್ಕ್ಯಾನ್ ಮಾಡ್ರಿ, ನಿಮ್ಮ ಅಕೌಂಟಿಗೆ ರೊಕ್ಕ ಬಂದ್ ಬೀಳ್ತದ."

ಬೀಳುವುದಿಲ್ಲ. ಯುಪಿಐನಲ್ಲಿ ದುಡ್ಡು ಪಡೆಯಲು ನೀವು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಹಾಕಬೇಕಾಗಿಲ್ಲ. ಸ್ಕ್ಯಾನ್ ಮಾಡುವವರು ದುಡ್ಡು ಕೊಡುವವರು. ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ. ಮೊದಲು ಒಂದು ರೂಪಾಯಿ ನಿಜವಾಗಿ ಕಳಿಸಿ ನಂಬಿಸುವವರೂ ಇದ್ದಾರೆ. ಆ ಒಂದು ರೂಪಾಯಿ ಬರಲು ನೀವು ಪಿನ್ ಹಾಕಿದ್ದಿರಾ? ಇಲ್ಲ ತಾನೇ. ಮುಂದಿನದಕ್ಕೆ ಯಾಕೆ ಬೇಕು?

ಸ್ಕ್ರೀನ್‌ಶಾಟ್ ನೋಡಿ ಯಂತ್ರ ಕೊಡಬೇಡಿ. ನಕಲಿ ಪೇಮೆಂಟ್ ತೋರಿಸುವ ಆ್ಯಪ್‌ಗಳೇ ಇವೆ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿ ದುಡ್ಡು ಹೆಚ್ಚಾಗಿದೆಯಾ ನೋಡಿ, ಆಮೇಲೆ ಕೊಡಿ. ಎದುರಿಗೆ ನಿಂತು ನಗದು ಕೊಟ್ಟು ತೆಗೆದುಕೊಂಡರೆ ಇನ್ನೂ ಸರಳ. ಸಣ್ಣ ಮೊತ್ತಕ್ಕೆ ನಾನು ಈಗಲೂ ನಗದನ್ನೇ ಮೇಲು ಅನ್ನುತ್ತೇನೆ. ಯುಪಿಐ ಮಾಡುವುದಾದರೆ ವಸ್ತು ಪರೀಕ್ಷೆ ಮುಗಿದ ಮೇಲೆ, ಪರದೆಯಲ್ಲಿ ಬರುವ ಹೆಸರು ಎದುರಿಗಿರುವವರದ್ದೇ ಎಂದು ಕೇಳಿಕೊಂಡು ಮಾಡಿ.

ದುಡ್ಡು ಹೋಗಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಮೋಸದ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಕಳ್ಳರ ಖಾತೆಯಿಂದ ಮುಂದೆ ಹೋಗುವ ಮೊದಲು ತಡೆಯಬೇಕಾದರೆ ಒಂದೊಂದು ನಿಮಿಷವೂ ಮುಖ್ಯ. ಜೊತೆಗೆ ಬ್ಯಾಂಕಿಗೂ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗುವಾಗ ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ, ಅವರ ಯುಪಿಐ ಐಡಿ, ಫೋನ್ ನಂಬರ್, ಪೂರ್ತಿ ಚಾಟ್ ಮತ್ತು ಅವರು ಕಳಿಸಿದ ಕ್ಯೂಆರ್ ಚಿತ್ರ ಒಯ್ಯಿರಿ. ಸಿಟ್ಟಿನಲ್ಲಿ ಆ ಚಾಟ್ ಅಳಿಸಬೇಡಿ. ಆ ಕೋಡ್ ಚಿತ್ರದೊಳಗೇ ದುಡ್ಡು ಯಾವ ಐಡಿಗೆ ಹೋಯಿತು ಎಂಬ ವಿಳಾಸ ಇರುತ್ತದೆ.